ಹಿಂಬದಿಯ ಅಂಕಿ

ಸಾವಾ ನದಿಯ ಮಂಜು ಇನ್ನೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ.
ಹ್ರೆಲಿಚ್ ಸಂತೆ, ಭಾನುವಾರ. ಕೆಸರಿನ ಮೇಲೊಂದು ಕಂಬಳಿ:
ಕಾರ್ಬ್ಯುರೇಟರ್, ಕೈಯಿಲ್ಲದ ಗೊಂಬೆ, ಯಾರದೋ ಕಟ್ಟುಹಲ್ಲು,
ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ.
"ಪದಕಕ್ಕೆ ನಲವತ್ತು ಯೂರೋ. ಕಾಗದ ಸುಮ್ಮನೆ ಒಯ್ಯಿರಿ,
ಉರಿಸೋಣವೆಂದರೆ ನನ್ನ ಮನೆಯಲ್ಲಿ ಒಲೆಯೂ ಇಲ್ಲ"
ಅಂದ ಶ್ತೆಫ್, ಮೀಸೆಯ ಇಬ್ಬನಿ ಒರೆಸುತ್ತ.

ಟ್ರ್ಯಾಮಿನಲ್ಲಿ ಡಬ್ಬಿ ತೊಡೆಯ ಮೇಲೆ
ಗಿಲಕಿಯ ಹಾಗೆ ಸದ್ದು ಮಾಡುತ್ತಿತ್ತು.
ಎದುರು ಸೀಟಿನ ಹುಡುಗ ಅದರಲ್ಲೇನಿದೆ ಅಂತ ಕೇಳಿದ.
ಒಬ್ಬ ಲೆಫ್ಟಿನೆಂಟ್ ಕರ್ನಲ್, ಅಂದೆ.

ನಾನು ಗಡಿಯಾರ ರಿಪೇರಿಯವಳು. ಮೂವತ್ತೊಂದು ವರ್ಷ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಬೇರೆಯವರ ಹೊತ್ತನ್ನು ಸರಿಮಾಡಿದವಳು.
ಪದಕ ನೋಡುವುದೂ ಹಾಗೆಯೇ, ಮುಖ ಬಿಟ್ಟು ಬೆನ್ನು ನೋಡಬೇಕು.
ಬೆನ್ನಿಗೆ ತಿರುಪು, ತಿರುಪಿಗೆ ಬಿಲ್ಲೆ.
ಈ ಬಿಲ್ಲೆ ಕಾರ್ಖಾನೆಯದಲ್ಲ, ಯಾವುದೋ ರೇಡಿಯೋದ ನಟ್ಟು.
ಕೆಳಗೆ ಅಂಕಿ:
ಎರಡು, ಸೊನ್ನೆ, ನಾಲ್ಕು, ಏಳು, ಒಂದು.

ಡೊಬ್ರಿಲೊ ಶ್ಕೆರೊವಿಚ್. ಕೊಲಾಶಿನ್ ಮೇಲಿನ ಹಳ್ಳಿ.
ತಂದೆ ಕುರಿ ಕಾಯುವವನು. ಬೂಟಿನ ಅಳತೆ ನಲವತ್ತೈದು.
ಹದಿನೆಂಟಕ್ಕೆ ಕಾಡು ಸೇರಿದ, ಇಪ್ಪತ್ತೊಂದಕ್ಕೆ ಶೌರ್ಯಪದಕ,
ಆಮೇಲೆ ಬ್ಯಾರಕ್ಕಿನಿಂದ ಬ್ಯಾರಕ್ಕಿಗೆ:
ಪಿವ್ಕಾ, ಕುಮಾನೊವೊ, ಕಾರ್ಲೊವಾತ್ಸ್, ಕೊನೆಗೆ ಜಾಗ್ರೆಬ್.
ಮೇಲಧಿಕಾರಿಯ ಟಿಪ್ಪಣಿಯಲ್ಲಿ
'ರ' ಅಕ್ಷರದ ಕಾಲು ಮುರಿದಿದೆ:
"ನಕ್ಷೆ ಚೆನ್ನಾಗಿ ಓದುತ್ತಾನೆ. ಗುರಿ ಸಾಧಾರಣ.
ಸೈನಿಕರ ಮೇಲೆ ಕೂಗುವುದಿಲ್ಲ; ತಿದ್ದಿಕೊಳ್ಳಬೇಕು."
ಆರು ವರ್ಷದ ನಂತರ, ಬೇರೆ ಕೈ, ಬೇರೆ ಶಾಯಿ:
"ಇನ್ನೂ ತಿದ್ದಿಕೊಂಡಿಲ್ಲ."
ಅಲ್ಲಿಂದ ನನಗೆ ಆತ ನನ್ನವನಾದ.

ರಾಷ್ಟ್ರೀಯತೆ ಎಂಬ ಕಾಲಮು.
ನಲವತ್ತೆಂಟರಲ್ಲಿ, ಮಾಂಟೆನೆಗ್ರಿನ್.
ಎಪ್ಪತ್ತೊಂದರಲ್ಲಿ ಯುಗೊಸ್ಲಾವ್, ಕೆಳಗೆ ಎರಡು ಗೆರೆ.
ತೊಂಬತ್ತೆರಡರ ಪಿಂಚಣಿ ಅರ್ಜಿಯಲ್ಲಿ
ಪೆನ್ನು ಊರಿದ ಒಂದು ಚುಕ್ಕೆ, ಅಷ್ಟೇ.
ಹತ್ತುಪಟ್ಟು ಹಿಗ್ಗಿಸಿ ನೋಡಿದೆ.
ಕಾಗದ ತೂತಾಗಿದೆ.
ಮೊಹರಿಲ್ಲ. ಅರ್ಜಿ ಕೊಟ್ಟೇ ಇರಲಿಲ್ಲ.

ಆ ವರ್ಷ ನಾವೂ ಏನೇನೋ ಬಚ್ಚಿಟ್ಟೆವು.
ಅಪ್ಪ ತನ್ನ ಬೆಲ್ಟಿನ ನಕ್ಷತ್ರದ ಬಕ್ಕಲನ್ನು
ಕಕ್ಕಸಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ;
ಸರಪಳಿ ಎಳೆದಾಗೆಲ್ಲ ಟಣ್ ಅನ್ನುತ್ತಿತ್ತು.
ನೆಂಟರು ಬಂದರೆ ಅಮ್ಮ
ಕಾಫಿ ಅರ್ಧ ಲೋಟವೇ ಕೊಡುತ್ತಿದ್ದಳು.

ಆದರೆ ಅಂಕಿ.
ಪ್ರಶಸ್ತಿಪತ್ರದಲ್ಲಿರುವುದು
ಎರಡು, ಸೊನ್ನೆ, ನಾಲ್ಕು, ಒಂದು, ಏಳು.
ಕೊನೆಯ ಎರಡು ಅದಲುಬದಲು.
ಗುಮಾಸ್ತನ ಕೈತಪ್ಪು ಅಂದುಕೊಂಡು ಎರಡು ತಿಂಗಳು ನೆಮ್ಮದಿಯಾಗಿ ಮಲಗಿದೆ.
ಆಮೇಲೆ ನಿದ್ದೆ ಹತ್ತಲಿಲ್ಲ.
ಬೆಲ್‌ಗ್ರೇಡಿನ ದಫ್ತರಕ್ಕೆ ಬರೆದೆ, ಒಂದಲ್ಲ, ಮೂರು ಸಲ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಂಚೆಯವನನ್ನು ಕಾದೆ.
ಎಂಟನೆಯ ತಿಂಗಳಿಗೆ ಒಂದೇ ಸಾಲು:
ಸದರಿ ಸಂಖ್ಯೆ ಯೂಸುಫ್ ಕರಾಬೆಗೊವಿಚ್ ಅವರದು,
ಅದೇ ತುಕಡಿ, ಊರು ಬಿಹಾಚ್.

ಬಿಹಾಚ್‌ನಲ್ಲಿ ಹನ್ನೊಂದು ಕರಾಬೆಗೊವಿಚ್ ನಂಬರು ಸಿಕ್ಕವು.
ಇಬ್ಬರು ಬೈದರು. ಒಬ್ಬ ಅತ್ತ, ಕಾರಣ ಹೇಳಲಿಲ್ಲ.
ಎಂಟನೆಯವಳು ಮುನಿರಾ:
"ನನ್ನ ಚಿಕ್ಕಪ್ಪ. ಹೌದು. ಶ್ಕೆರೊ, ಶ್ಕೆರೊ ಅನ್ನುತ್ತಲೇ ಇದ್ದ.
ಇಬ್ಬರಿಗೂ ಸೇರಿ ಒಂದೇ ಕೋಟಂತೆ, ರಾತ್ರಿ ಪಾಳಿಯ ಮೇಲೆ.
ಪದಕ ಬಂದ ದಿನ ಕುಡಿದು ಏನು ಮಾಡಿಕೊಂಡರೋ,
ಅಥವಾ ಬೇಕಂತಲೇ.
ತಾಳಿ, ಕಪಾಟಿನಲ್ಲಿದೆ."

ಡ್ರಾಯರು ಎಳೆದ ಸದ್ದು. ಚಮಚಗಳು. ಕೆಮ್ಮು.
ಕನ್ನಡಕ ಸಿಗಲಿಲ್ಲ, ಮೊಮ್ಮಗಳನ್ನು ಕೂಗಿದಳು.
ನನ್ನ ಬಳಿಯ ಅಂಕಿ ನಾನಿನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.
ಮಗುವಿನ ದನಿ, ಮಗ್ಗಿ ಒಪ್ಪಿಸುವ ಹಾಗೆ:
ಎರಡು. ಸೊನ್ನೆ. ನಾಲ್ಕು.
ನಿಂತಿತು.
"ಅಜ್ಜೀ, ಮುಂದೆ ಕಪ್ಪು ಹಿಡಿದಿದೆ,
ಉಗುಳು ಹಚ್ಚಿ ಒರೆಸಲಾ?"

ಒರೆಸು, ಅಂದೆವು
ಇಬ್ಬರೂ, ಒಟ್ಟಿಗೆ.